ಹುಟ್ಟಿದ್ದಕ್ಕೆ ಸಾಕ್ಷಿ ಏನು?

ಜಾತಿ, ಆದಾಯದ ಪತ್ರ ಬೇಕಾದರೆ ನಾಡಕಚೇರಿಗೆ ಹೋಗ್ತೀವಿ. ಸೈಟು ಕೊಂಡರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ, ಗಾಡಿ ಕೊಂಡರೆ ಆರ್‌ಟಿಒಗೆ. ಮದುವೆ ನೋಂದಣಿಗೂ ಮತ್ತೆ ಸಬ್ ರಿಜಿಸ್ಟ್ರಾರೇ. ಆದರೆ ಹುಟ್ಟಿದ ದಾಖಲೆಗೆ ಮಾತ್ರ ಬೆಂಗಳೂರಿನವರು ನಗರಪಾಲಿಕೆಯ ಆರೋಗ್ಯಾಧಿಕಾರಿ ಕಚೇರಿಗೆ ಹೋಗಬೇಕು. ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡಿಸುವವರು, ಡೆಂಗಿ ಬಂದಾಗ ಬೀದಿಗೆ ಹೊಗೆ ಹೊಡೆಸುವವರು ಕೂರುವ ಅದೇ ಜಾಗ. ಹುಟ್ಟೋದು ಕಾಯಿಲೆ ಏನಲ್ಲವಲ್ಲ? ಮತ್ತೆ ಆರೋಗ್ಯ ಇಲಾಖೆಗೂ ನನ್ನ ಹುಟ್ಟಿದ ದಿನಾಂಕಕ್ಕೂ ಏನು ಸಂಬಂಧ?

ಈ ಪ್ರಶ್ನೆ ನನಗೆ ಬಂದಿದ್ದು ಒಂದು ಕೌಂಟರಿನ ಮುಂದೆ ಕಾಯುತ್ತಾ ನಿಂತಾಗ. ಉತ್ತರ ಹುಡುಕುತ್ತಾ ಹೋದರೆ ಅದು ದಂಡಿನ ಬ್ಯಾರಕ್ಕು, ಪ್ಲೇಗು, ಎರಡು ಊರಾಗಿ ಒಡೆದಿದ್ದ ಬೆಂಗಳೂರು, ಹೀಗೆ ಎಲ್ಲೆಲ್ಲಿಗೋ ಕರಕೊಂಡು ಹೋಯಿತು. ಚರಿತ್ರೆ ಗೊತ್ತಿದ್ದರೆ ಕಚೇರಿ ಅಲೆದಾಟವೂ ಸ್ವಲ್ಪ ಕಮ್ಮಿ ಆಗುತ್ತೆ. ಅದಕ್ಕೇ ಬರೀತಿದ್ದೀನಿ.

ಮೊದಲು ಲೆಕ್ಕ ಇಟ್ಟಿದ್ದು ಸಾವಿಗೆ

ಹುಟ್ಟು ಬರೆದಿಡೋ ಪದ್ಧತಿ ಸಾವು ಬರೆದಿಡೋ ಪದ್ಧತಿಯ ಹಿಂದೆ ಬಂದದ್ದು ಅಂತ ಹೇಳಿದರೆ ತಪ್ಪಾಗಲಾರದು. ಹದಿನಾರು, ಹದಿನೇಳನೇ ಶತಮಾನದ ಲಂಡನ್ನಿನಲ್ಲಿ ಪ್ಲೇಗು ಎಲ್ಲಿವರೆಗೆ ಬಂತು ಅಂತ ತಿಳಿಯೋಕೆ ಸತ್ತವರ ವಾರದ ಪಟ್ಟಿ ಅಚ್ಚು ಹಾಕಿಸ್ತಿದ್ದರು. ಜಾನ್ ಗ್ರಾಂಟ್ ಅನ್ನೋ ಬಟ್ಟೆ ವ್ಯಾಪಾರಿ ಆ ಪಟ್ಟಿಗಳನ್ನ ಜೋಡಿಸಿ 1662ರಲ್ಲಿ ಒಂದು ಪುಸ್ತಕ ಬರೆದ. ಜನಸಂಖ್ಯಾ ಶಾಸ್ತ್ರ ಶುರುವಾಗೋದೇ ಅಲ್ಲಿಂದ. ಹುಟ್ಟು ಸಾವು ಎರಡನ್ನೂ ಚರ್ಚಿನ ಕೈಯಿಂದ ತೆಗೆದು ಸರ್ಕಾರವೇ ಬರೆದುಕೊಳ್ಳೋ ವ್ಯವಸ್ಥೆ ಇಂಗ್ಲೆಂಡಿನಲ್ಲಿ ಬಂದಿದ್ದು 1837ರಲ್ಲಿ.

ಅದು ಇಂಡಿಯಾಕ್ಕೆ ಬಂದಿದ್ದು ಸೈನಿಕರ ಬೆನ್ನಿಗೆ. 1857ರ ಗಲಾಟೆ ಮುಗಿದ ಮೇಲೆ ಬ್ರಿಟಿಷರಿಗೆ ಒಂದು ವಿಷಯ ತಲೆ ಕೆಡಿಸಿತು. ಇಲ್ಲಿ ಅವರ ಸಿಪಾಯಿಗಳು ಯುದ್ಧಕ್ಕಿಂತ ಕಾಲರಾ, ಭೇದಿ, ಜ್ವರಕ್ಕೇ ಹೆಚ್ಚು ಸಾಯ್ತಿದ್ದರು. ಒಂದು ರಾಯಲ್ ಕಮಿಷನ್ ಕೂತು 1863ರಲ್ಲಿ ವರದಿ ಕೊಟ್ಟಿತು. ಅದರ ಅಂಕಿಗಳ ಹಿಂದೆ ಫ್ಲಾರೆನ್ಸ್ ನೈಟಿಂಗೇಲ್ ಇದ್ದರು. ವರ್ಷಕ್ಕೆ ಸಾವಿರ ಸೈನಿಕರಲ್ಲಿ 69 ಜನ ಸಾಯ್ತಾರೆ ಅನ್ನೋ ಲೆಕ್ಕ ಅದರಲ್ಲಿತ್ತು. ಬ್ಯಾರಕ್ಕು ಮಾತ್ರ ತೊಳೆದರೆ ಸಾಲದು, ಪಕ್ಕದ ಬಜಾರು ಗಲೀಜಾಗಿದ್ದರೆ ಕಾಯಿಲೆ ಗೋಡೆ ಹಾರಿ ಬರುತ್ತೆ ಅನ್ನೋದು ಆ ವರದಿಯಿಂದ ಕಲಿತ ಪಾಠ. ಅಂದಮೇಲೆ ಬಜಾರಿನಲ್ಲಿ ಎಷ್ಟು ಜನ ಹುಟ್ತಾರೆ, ಎಷ್ಟು ಜನ ಸಾಯ್ತಾರೆ, ಯಾವ ಬೀದಿಯಲ್ಲಿ ಸಾಯ್ತಾರೆ ಅನ್ನೋದು ಸೈನ್ಯಕ್ಕೂ ಬೇಕಾದ ಮಾಹಿತಿ ಆಯ್ತು. ಮುಂದಿನ ವರ್ಷವೇ ಮದ್ರಾಸ್ ಪ್ರಾಂತ್ಯಕ್ಕೆ ನೈರ್ಮಲ್ಯ ನೋಡಿಕೊಳ್ಳೋ ಪ್ರತ್ಯೇಕ ಅಧಿಕಾರ ವ್ಯವಸ್ಥೆ ಬಂತು. ನಮ್ಮ ಬೆಂಗಳೂರಿನ ದಂಡಿನಲ್ಲಿದ್ದ ಪಡೆಗಳು ಮದ್ರಾಸ್ ಸೈನ್ಯದವೇ.

ಇದಕ್ಕೆ ಇನ್ನೊಂದು ಎಳೆ ಸಿಡುಬಿನದು. 1880ರಲ್ಲಿ ಬಂದ ಲಸಿಕೆ ಕಾಯ್ದೆ ದೇಶಕ್ಕೆಲ್ಲ ಅನ್ವಯ ಆಗೋ ಹಾಗಿರಲಿಲ್ಲ. ಪುರಸಭೆಗಳಿಗೆ ಮತ್ತು ದಂಡು ಪ್ರದೇಶಗಳಿಗೆ ಅಂತಲೇ ಮಾಡಿದ್ದು. ಮಕ್ಕಳಿಗೆ ಕಡ್ಡಾಯವಾಗಿ ದೇವಿ ಹಾಕಿಸಬೇಕು ಅಂದ್ರೆ ಯಾರ ಮನೆಯಲ್ಲಿ ಮಗು ಹುಟ್ಟಿದೆ ಅಂತ ಗೊತ್ತಿರಬೇಕಲ್ಲ? ದೇವಿ ಹಾಕುವವನಿಗೆ ಜನನದ ಪುಸ್ತಕವೇ ಮನೆ ತೋರಿಸೋ ನಕ್ಷೆ.

ಹುಟ್ಟಿನ ರಿಜಿಸ್ಟರು ಆರೋಗ್ಯಾಧಿಕಾರಿ ಮೇಜಿನ ಮೇಲೆ ಯಾಕೆ ಕೂತಿದೆ ಅನ್ನೋ ಪ್ರಶ್ನೆಗೆ ಉತ್ತರ ಇಷ್ಟೇ. ನಮಗೆ ಪಾಸ್‌ಪೋರ್ಟ್ ಸಿಗಲಿ ಅಂತ ಯಾರೂ ಅದನ್ನ ಶುರು ಮಾಡಲಿಲ್ಲ. ಎಣಿಸಬೇಕಾಗಿದ್ದವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಪುಸ್ತಕ ಅದು. ಎಣಿಸಿಕೊಂಡವರಿಗೆ ಅದರಿಂದ ಒಂದು ಚೀಟಿ ಸಿಗೋದು ಬಹಳ ಕಾಲದ ನಂತರ ಬಂದ ಉಪಯೋಗ.

ಒಂದು ಊರು, ಎರಡು ಸರ್ಕಾರ

1809ರಲ್ಲಿ ಹಲಸೂರಿನ ಪಕ್ಕ ದಂಡು ಬಂದು ಕೂತಿತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಬೇರೆಬೇರೆ ಪುರಸಭೆ ಆಯಿತು. 1881ರಲ್ಲಿ ಬ್ರಿಟಿಷರು ಮೈಸೂರು ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟರು, ಆದರೆ ದಂಡನ್ನ ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದಕ್ಕೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು. ಅಲ್ಲಿ ಮಹಾರಾಜರ ಕಾನೂನು ನಡೆಯೋ ಹಾಗಿಲ್ಲ, ರೆಸಿಡೆಂಟ್ ಸಾಹೇಬರ ಆಡಳಿತ. ಕಬ್ಬನ್ ಪಾರ್ಕಿನ ಈಚೆ ಹುಟ್ಟಿದ ಮಗು ಮಹಾರಾಜರ ರಾಜ್ಯದಲ್ಲಿ ಹುಟ್ಟಿತು, ಆಚೆ ಹುಟ್ಟಿದ್ದು ಬ್ರಿಟಿಷರ ಆಡಳಿತದಲ್ಲಿ. ಇವತ್ತು ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳೀತೀರಲ್ಲ, ಆಗಿನ ಲೆಕ್ಕದಲ್ಲಿ ಅದು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋದ ಹಾಗೆ.

ದಂಡಿನೊಳಗೂ ಎಲ್ಲರ ಹುಟ್ಟಿಗೂ ಒಂದೇ ಬೆಲೆ ಇರಲಿಲ್ಲ. ಯುರೋಪಿಯನ್ ಸೈನಿಕ, ಅಧಿಕಾರಿಗಳ ಮಕ್ಕಳಿಗೆ ಚರ್ಚಿನ ಜ್ಞಾನಸ್ನಾನದ ಪುಸ್ತಕ ಇತ್ತು. ಸೇಂಟ್ ಮಾರ್ಕ್ಸ್‌ನಂಥ ಆಂಗ್ಲಿಕನ್ ಚರ್ಚುಗಳಲ್ಲಿ ಬರೆದದ್ದರ ನಕಲು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗ್ತಿತ್ತು. ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆಸ್ಟ್ರೇಲಿಯಾ, ಇಂಗ್ಲೆಂಡಿನಲ್ಲಿ ಕೂತವರು ಬೆಂಗಳೂರಿನಲ್ಲಿ ಹುಟ್ಟಿದ ಮುತ್ತಜ್ಜನ ತಂದೆಯ ರೆಜಿಮೆಂಟು ಯಾವುದು ಅಂತ ಅದರಿಂದಲೇ ಪತ್ತೆ ಮಾಡ್ತಾರೆ. 1947ರ ನಂತರ ಬ್ರಿಟನ್ನಿಗೆ ಹೊರಟ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ತಂದೆಯ ಕಡೆಯಿಂದ ಬ್ರಿಟಿಷ್ ಮೂಲ ಇದೆ ಅಂತ ತೋರಿಸಬೇಕಾಗಿ ಬಂದಾಗ ಹುಡುಕಿದ್ದೂ ಇಂಥ ಪುಸ್ತಕಗಳನ್ನೇ.

1886ರಲ್ಲಿ ಸರ್ಕಾರ ಜನನ ಮರಣ ವಿವಾಹ ನೋಂದಣಿ ಕಾಯ್ದೆ ತಂದಿತು. ಹೆಸರು ದೊಡ್ಡದು, ಆದರೆ ಅದು ಐಚ್ಛಿಕ. ಜೊತೆಗೆ ಮುಖ್ಯವಾಗಿ ಕ್ರೈಸ್ತರಿಗೆ, ಯುರೋಪಿಯನ್ ಮೂಲದವರಿಗೆ ಅಂತ ಮಾಡಿದ್ದು. ಬ್ಲಾಕ್‌ಪಲ್ಲಿಯಲ್ಲಿ, ಅಂದ್ರೆ ಇವತ್ತಿನ ಶಿವಾಜಿನಗರದಲ್ಲಿ, ತಮಿಳು ಮಾತಾಡುವ ಕೂಲಿಯವನ ಮನೆಯಲ್ಲೋ ಉರ್ದು ಮಾತಾಡುವ ಟಾಂಗಾದವನ ಮನೆಯಲ್ಲೋ ಹುಟ್ಟಿದ ಮಗು ಬರೀ ಒಂದು ಸಂಖ್ಯೆ. ಅದು ಪುರಸಭೆಯ ಪುಸ್ತಕಕ್ಕೆ ಸೇರಿದರೆ ಸೇರಿತು, ಇಲ್ಲದಿದ್ದರೆ ಇಲ್ಲ.

ಪ್ಲೇಗಿನ ವರ್ಷ

1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಅದಕ್ಕೂ ಒಂದು ವರ್ಷ ಮೊದಲೇ, ಮುಂಬಯಿ ಪ್ಲೇಗಿನ ಹೊತ್ತಿಗೆ, ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತ್ತು. ಹೌದು, 2020ರಲ್ಲಿ ಕೋವಿಡ್ ಬಂದಾಗ ಧೂಳು ಕೊಡವಿ ಹೊರಗೆ ತೆಗೆದ ಅದೇ 1897ರ ಕಾಯ್ದೆ. ಮನೆಮನೆ ತಪಾಸಣೆ, ರೋಗಿಗಳನ್ನ ಶಿಬಿರಕ್ಕೆ ಸಾಗಿಸೋದು, ಮನೆಗಳ ಹಂಚು ತೆಗೆಸಿ ಬಿಸಿಲು ಬೀಳಿಸೋದು, ಹೀಗೆಲ್ಲ ನಡೀತು. ಸತ್ತವರ ಲೆಕ್ಕ ಕೊಟ್ಟರೆ ಮನೆಯವರನ್ನೆಲ್ಲ ಶಿಬಿರಕ್ಕೆ ಹಾಕ್ತಾರೆ ಅಂತ ಜನ ಸಾವನ್ನೇ ಮುಚ್ಚಿಟ್ಟರು. ರಿಜಿಸ್ಟರು ಅಂದ್ರೆ ಭಯ ಅನ್ನೋದು ಆಗ ಊರಿನ ಮನಸ್ಸಿನಲ್ಲಿ ಕೂತಿತು.

ಇದೇ ಹೊತ್ತಿನಲ್ಲಿ ಬೆಂಗಳೂರಿನ ಪ್ಲೇಗ್ ಶಿಬಿರದಲ್ಲಿ ಕೆಲಸ ಮಾಡಿದ ಒಬ್ಬ ಡಾಕ್ಟರ ಕಥೆ ಇಲ್ಲಿ ಹೇಳಲೇಬೇಕು. ಹೆಸರು ಪದ್ಮನಾಭನ್ ಪಲ್ಪು. ತಿರುವಾಂಕೂರಿನವರು, ಮದ್ರಾಸಿನಲ್ಲಿ ವೈದ್ಯ ಓದಿದವರು. ಈಳವ ಜಾತಿ ಅನ್ನೋ ಕಾರಣಕ್ಕೆ ಅವರ ಸ್ವಂತ ರಾಜ್ಯ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಇಲ್ಲಿ ಸಿಡುಬಿನ ಲಸಿಕೆ ತಯಾರಿಸೋ ಕೇಂದ್ರದಲ್ಲಿ ಕೆಲಸ ಮಾಡಿದರು, ಪ್ಲೇಗಿನಲ್ಲಿ ದುಡಿದರು, ಸಂಸ್ಥಾನವೇ ಇಂಗ್ಲೆಂಡಿಗೆ ಕಳಿಸಿ ಓದಿಸಿತು, ವಾಪಸ್ ಬಂದ ಮೇಲೆ ಬೆಂಗಳೂರು ನಗರದ ಆರೋಗ್ಯಾಧಿಕಾರಿ ಆದರು. ಅವರದು ದಂಡಿನ ಕಡೆಯಲ್ಲ, ಪೇಟೆ ಕಡೆಯ ಕಚೇರಿ. ಇದೇ ಪಲ್ಪು 1896ರಲ್ಲಿ ತಮ್ಮ ಜನಕ್ಕೆ ಶಾಲೆ, ನೌಕರಿ ಕೊಡಿ ಅಂತ ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದ ಮನವಿಯಲ್ಲಿ 13,176 ಸಹಿಗಳಿದ್ದವು. ಹೆಸರು ಒಂದು ಪಟ್ಟಿಯಲ್ಲಿ ಇರೋದಕ್ಕೂ ಇಲ್ಲದಿರೋದಕ್ಕೂ ಇರೋ ವ್ಯತ್ಯಾಸ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರೋಕೆ ಸಾಧ್ಯ?

ಪ್ಲೇಗು ಊರಿನ ರೂಪವನ್ನೂ ಬದಲಿಸಿತು. ಪೇಟೆಯವರಿಗೆ ಬಸವನಗುಡಿ, ಮಲ್ಲೇಶ್ವರ ಬಂದವು. ದಂಡಿನ ಕಡೆ ಕಿಕ್ಕಿರಿದ ಬೀದಿಗಳಿಂದ ಜನರನ್ನ ಬಿಡಿಸೋಕೆ ಫ್ರೇಜರ್ ಟೌನ್ ಬಂತು. ಈ ಬಡಾವಣೆಗಳ ಹುಟ್ಟಿಗೂ ಆರೋಗ್ಯಾಧಿಕಾರಿಯ ಅಂಕಿಅಂಶಗಳೇ ಕಾರಣ. ಯಾವ ಬೀದಿಯಲ್ಲಿ ಹೆಚ್ಚು ಸಾವು ಅಂತ ಗೊತ್ತಾದ ಮೇಲೆ ತಾನೇ ಯಾವ ಬೀದಿ ಬಿಡಿಸಬೇಕು ಅಂತ ಗೊತ್ತಾಗೋದು.

ಪತ್ರ ಇಲ್ಲದೆ ನಡೆದ ಕಾಲ

1947ರಲ್ಲಿ ದಂಡು ಮೈಸೂರಿಗೆ ವಾಪಸ್ ಬಂತು. 1949ರಲ್ಲಿ ಎರಡೂ ಪುರಸಭೆ ಸೇರಿ ಬೆಂಗಳೂರು ಕಾರ್ಪೊರೇಷನ್ ಆಯಿತು. ಆದರೆ ಇಡೀ ದೇಶಕ್ಕೆ ಹುಟ್ಟು ಸಾವು ಬರೆಸೋದನ್ನ ಒಂದೇ ರೀತಿಯಲ್ಲಿ ಕಡ್ಡಾಯ ಮಾಡಿದ ಜನನ ಮರಣ ನೋಂದಣಿ ಕಾಯ್ದೆ ಬರೋಕೆ 1969 ಆಗಬೇಕಾಯ್ತು. ನಮ್ಮಲ್ಲಿ ಅದು ಜಾರಿಗೆ ಬಂದಿದ್ದು 1970ರ ಏಪ್ರಿಲ್ 1ಕ್ಕೆ.

ಹಾಗಾದರೆ ಅಲ್ಲಿವರೆಗೆ ಜನ ವಯಸ್ಸು ಹೇಗೆ ಹೇಳ್ತಿದ್ದರು? ಜಾತಕ ಬರೆಸುವಂಥ ಮನೆಯವರು ಜಾತಕ ತೋರಿಸ್ತಿದ್ದರು. ಉಳಿದವರಿಗೆ ನೆನಪು. ಬರ ಬಂದ ವರ್ಷ, ಕೆರೆ ಕೋಡಿ ಬಿದ್ದ ವರ್ಷ, ಊರಹಬ್ಬ ಆದ ವಾರ. ಶಾಲೆಗೆ ಸೇರಿಸುವಾಗ ಬಲಗೈ ತಲೆ ಮೇಲಿಂದ ತಂದು ಎಡಕಿವಿ ಮುಟ್ಟಿದರೆ ಆರು ವರ್ಷ ಆಯ್ತು ಅಂತ ಲೆಕ್ಕ. ಮೇಷ್ಟ್ರು ತಾರೀಖು ಕೇಳಿ, ಅಪ್ಪ ತಲೆ ಕೆರೆದುಕೊಂಡರೆ, ಜೂನ್ 1 ಅಂತ ಬರೆದುಬಿಡೋರು. ಶಾಲೆ ಶುರುವಾಗೋದು ಜೂನ್‌ನಲ್ಲಲ್ವಾ! ನಿಮ್ಮ ಆಫೀಸಿನ ಅಥವಾ ಮನೆಯ ಹಿರಿಯರ ಹುಟ್ಟುಹಬ್ಬಗಳನ್ನ ಒಂದು ಸಲ ಕೇಳಿ ನೋಡಿ. ಜೂನ್ 1ಕ್ಕೆ ಕೇಕು ಹಂಚುವವರು ಎಷ್ಟು ಜನ ಸಿಗ್ತಾರೆ ಅಂತ.

ಆಮೇಲೆ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡೇ ನಮ್ಮ ರಾಜ್ಯದ ಜನನ ಪತ್ರ ಆಗಿಹೋಯ್ತು. ಸರ್ಕಾರಿ ನೌಕರರು ನಿವೃತ್ತಿ ಹತ್ತಿರ ಬಂದಾಗ, "ಸಾರ್, ನಾನು ನಿಜವಾಗಿ ಹುಟ್ಟಿದ್ದು ಎರಡು ವರ್ಷ ತಡವಾಗಿ" ಅಂತ ಕೋರ್ಟು ಹತ್ತೋದು ಹೆಚ್ಚಾಯ್ತು. ಅದಕ್ಕೆ 1974ರಲ್ಲಿ ಕರ್ನಾಟಕ ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಕೆಲಸಕ್ಕೆ ಸೇರಿದ ಮೂರು ವರ್ಷದೊಳಗೆ ವಯಸ್ಸಿನ ತಕರಾರು ಎತ್ತದಿದ್ದರೆ ಪುಸ್ತಕದಲ್ಲಿ ಇದ್ದಿದ್ದೇ ನಿಜ ಅಂತ.

ಅಮ್ಮ ಹುಟ್ಟಿದ ವರ್ಷ ಯಾವುದು?

ನಮ್ಮಮ್ಮ 1956ರಲ್ಲಿ ಹಲಸೂರಿನ ಒಂದು ವಠಾರದಲ್ಲಿ ಹುಟ್ಟಿದವರು. ಸೂಲಗಿತ್ತಿ ಬಂದು ಹೆರಿಗೆ ಮಾಡಿಸಿದ್ದು. ಸೋಮೇಶ್ವರನ ಪಲ್ಲಕ್ಕಿ ಆಗಿ ಮೂರನೇ ದಿನ ಅಂತ ಅಜ್ಜಿ ಹೇಳ್ತಿದ್ದರು. ಶಾಲೆಯಲ್ಲಿ ಬರೆದಿದ್ದು, ನೀವು ಊಹಿಸಿದ ಹಾಗೆ, ಜೂನ್ 1. 2019ರಲ್ಲಿ ಕೆನಡಾದಲ್ಲಿರೋ ತಂಗಿಯ ಕಾಗದಪತ್ರಕ್ಕೆ ಅಮ್ಮನ ಜನನ ಪತ್ರ ಬೇಕಾಯ್ತು. ನಾನು ಅರ್ಜಿ ಹಿಡಕೊಂಡು ಹೋದೆ.

ಕಚೇರಿಯವರು ಆ ವರ್ಷದ, ಹಿಂದಿನ ವರ್ಷದ, ಮುಂದಿನ ವರ್ಷದ ಪುಸ್ತಕ ಹುಡುಕಿದರು. ಮಾಮನ ಹೆಸರು ಸಿಕ್ತು. ಸರಿಯಾಗಿ ಹೇಳಬೇಕಂದ್ರೆ ಹೆಸರು ಸಿಗಲಿಲ್ಲ, ತಾತನ ಹೆಸರಿನ ಮುಂದೆ 'ಗಂಡು' ಅಂತ ಸಿಕ್ತು. ಮಾಮ ಹುಟ್ಟಿದ್ದು ಸರ್ಕಾರಿ ಆಸ್ಪತ್ರೆಯಲ್ಲಿ, ಅವರೇ ಬರೆಸಿದ್ದರು. ವಠಾರದಲ್ಲಿ ಹುಟ್ಟಿದ ಅಕ್ಕನನ್ನ ಬರೆಸೋಕೆ ಯಾರೂ ಹೋಗಿರಲಿಲ್ಲ. ಕೊನೆಗೆ ಕೈಗೆ ಬಂದಿದ್ದು ನಮೂನೆ 10, ಅಲಭ್ಯತಾ ಪ್ರಮಾಣಪತ್ರ. ಹುಡುಕಿದೆವು, ಇಂಥವರ ಜನನ ನಮ್ಮ ಪುಸ್ತಕದಲ್ಲಿ ಇಲ್ಲ ಅಂತ ಸರ್ಕಾರ ಸಹಿ ಹಾಕಿ ಕೊಡೋ ಪತ್ರ.

ಅಮ್ಮ ಅದನ್ನ ಎರಡು ಸಲ ಓದಿದರು. "ಅಂದ್ರೆ ನಾನು ಹುಟ್ಟೇ ಇಲ್ವಂತಾ?" ಅಂದರು.

ಆ ಪತ್ರ ನೋಡಿ ಬೇಜಾರಾಗಬೇಡಿ, ಮುಂದಿನ ದಾರಿಗೆ ಅದೇ ಟಿಕೆಟ್ಟು. ಆಗಿನ ನಿಯಮದ ಪ್ರಕಾರ ಒಂದು ವರ್ಷ ದಾಟಿದ ಜನನಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ವಕೀಲರು, ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ, ಶಾಲೆಯ ಟಿಸಿ, ವೋಟರ್ ಐಡಿ, ಜೊತೆಗೆ ಹಲಸೂರಿನ ಹಳೇ ನೆರೆಮನೆ ಅಜ್ಜಿಯ ಸಾಕ್ಷಿ. ಕೋರ್ಟು ಒಪ್ಪಿತು. ಆದರೆ ಪಲ್ಲಕ್ಕಿಯ ಮೂರನೇ ದಿನ ಅಂತ ಹೇಳಿದರೆ ನಡೆಯಲ್ಲ, ದಾಖಲೆ ಹೇಳೋ ಜೂನ್ 1ನ್ನೇ ಆದೇಶದಲ್ಲಿ ಬರೆದರು. ಹೊಸ ಜನನ ಪತ್ರದಲ್ಲಿ ಈಗ ಎರಡು ತಾರೀಖು ಇದೆ. ಜನನ ದಿನಾಂಕ 1956, ನೋಂದಣಿ ದಿನಾಂಕ 2019. ಅರುವತ್ಮೂರು ವರ್ಷದ ಅಂತರ. ಅಜ್ಜಿ ನೆನಪಿಟ್ಟುಕೊಂಡಿದ್ದ ದಿನ ಎರಡರಲ್ಲೂ ಇಲ್ಲ.

ಮಾಮನ ಪುಟ ಇತ್ತು, ಅಮ್ಮನದು ಇರಲಿಲ್ಲ ಅನ್ನೋದು ಅದೃಷ್ಟದ ವಿಷಯ ಅಂತ ನನಗೆ ಅನ್ನಿಸಲ್ಲ. ಸೈನಿಕನ ಮಗು ಮೊದಲು, ಆಮೇಲೆ ಚರ್ಚಿನ ಮಗು, ಆಮೇಲೆ ಆಸ್ಪತ್ರೆಯ ಮಗು. ವಠಾರದ ಮಗು, ಗುಡಿಸಲಿನ ಮಗು, ಹಳ್ಳಿಯ ಮಗು ಕೊನೆಗೆ. ಪುಸ್ತಕ ಶುರು ಮಾಡಿದವರ ಆದ್ಯತೆ ಹೇಗಿತ್ತೋ ಅದರ ಖಾಲಿ ಜಾಗಗಳೂ ಹಾಗೇ ಉಳಿದಿವೆ.

ಹುಡುಕುವುದು ಎಲ್ಲಿ?

ಜನನ ಪತ್ರದ ಮೊದಲ ನಿಯಮ: ಮಗು ಎಲ್ಲಿ ಹುಟ್ಟಿತೋ ಅಲ್ಲೇ ದಾಖಲೆ. ಅಪ್ಪ ಅಮ್ಮ ಎಲ್ಲಿ ವಾಸ ಇದ್ದರು ಅನ್ನೋದು ಲೆಕ್ಕಕ್ಕಿಲ್ಲ. ಕೆ.ಆರ್. ಪುರದಲ್ಲಿ ಮನೆ ಇದ್ದು, ಹೆರಿಗೆ ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲೋ ಬೌರಿಂಗ್‌ನಲ್ಲೋ ಆಗಿದ್ದರೆ ದಾಖಲೆ ಶಿವಾಜಿನಗರದ ಕಡೆ. ತಾಯಿ ಬಾಣಂತನಕ್ಕೆ ಹಾಸನದ ತವರಿಗೆ ಹೋಗಿದ್ದರೆ ದಾಖಲೆ ಹಾಸನದಲ್ಲಿ. ಅರ್ಧ ಅಲೆದಾಟ ಇದನ್ನ ಮೊದಲೇ ಕೇಳಿಕೊಳ್ಳದೆ ಆಗೋದು.

ಎರಡನೇ ನಿಯಮವನ್ನ ಯಾರೂ ಬೋರ್ಡು ಹಾಕಿ ಹೇಳಲ್ಲ, ಚರಿತ್ರೆ ಹೇಳುತ್ತೆ: ಆ ಜಾಗ ಆ ವರ್ಷ ಯಾರ ಆಡಳಿತದಲ್ಲಿತ್ತು ಅಂತ ನೋಡಬೇಕು. ಶಿವಾಜಿನಗರ, ಹಲಸೂರು 1949ರವರೆಗೆ ದಂಡಿನ ಪುರಸಭೆ, ಆಮೇಲೆ ಕಾರ್ಪೊರೇಷನ್. ಇಂದಿರಾನಗರ ಅನ್ನೋ ಹೆಸರು ಬಂದಿದ್ದೇ ಎಪ್ಪತ್ತರ ದಶಕದ ಕೊನೆಗೆ ಬಡಾವಣೆ ಆದಾಗ. ಅದಕ್ಕೂ ಮೊದಲಿನ ಹುಟ್ಟು ಹುಡುಕುವವರು ಬಿನ್ನಮಂಗಲ, ದೂಪನಹಳ್ಳಿ, ಕೋಡಿಹಳ್ಳಿ ಅಂತ ಹುಡುಕಬೇಕು. ಈಗ ಬ್ರೂವರಿಗಳಿರೋ ರಸ್ತೆಯ ಆಸುಪಾಸು ಆಗ ಹಳ್ಳಿ. ಆ ಹಳ್ಳಿ ಆ ವರ್ಷ ಕಾರ್ಪೊರೇಷನ್ ಗಡಿಯೊಳಗೆ ಇತ್ತೋ ಇಲ್ಲವೋ ನೋಡಿಕೊಳ್ಳಬೇಕು. ಕೆ.ಆರ್. ಪುರ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ. ಅದಕ್ಕೆ ಮೊದಲು ಅದು ಬೇರೆ ನಗರಸಭೆ. ಸುತ್ತಲ ಹಳ್ಳಿಗಳಲ್ಲಿ ಹುಟ್ಟು ಬರೆದುಕೊಳ್ತಿದ್ದವರು ಗ್ರಾಮ ಲೆಕ್ಕಿಗರು, ಅವರಿಗೂ ಹಿಂದೆ ಪಟೇಲರು. ಅಂಥ ಹಳೇ ಪುಸ್ತಕ ಬೇಕಾದರೆ ಆರೋಗ್ಯ ಕಚೇರಿಯಲ್ಲಿ ಕಾಯೋ ಬದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ವಿಚಾರಿಸಬೇಕು. ಅಲ್ಲೂ ಒಂದು ಗಡಿ ಇದೆ. ಇವತ್ತು ಅದು ಬೆಂಗಳೂರು ಪೂರ್ವ ತಾಲ್ಲೂಕು, ಹಿಂದೆ ಕೆ.ಆರ್. ಪುರ ಹೋಬಳಿ ದಕ್ಷಿಣ ತಾಲ್ಲೂಕಿನಲ್ಲಿತ್ತು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆ ಬಂತಲ್ಲ, ಈಗ ಶಿವಾಜಿನಗರ, ಹಲಸೂರು ಕೇಂದ್ರ ನಗರಪಾಲಿಕೆಗೆ, ಕೆ.ಆರ್. ಪುರ ಪೂರ್ವ ನಗರಪಾಲಿಕೆಗೆ ಸೇರಿವೆ. ಮೂವತ್ತು ವರ್ಷದ ನಂತರ ಯಾರೋ ಮೊಮ್ಮಗಳು ನಮ್ಮ ಮಕ್ಕಳ ದಾಖಲೆ ಹುಡುಕುವಾಗ ಈ ಗೆರೆಯನ್ನೂ ನೆನಪಿಟ್ಟುಕೊಳ್ಳಬೇಕಾಗುತ್ತೆ.

ಈಗ ಹುಟ್ಟೋ ಮಕ್ಕಳದು ಸುಲಭ. ಆಸ್ಪತ್ರೆಯೇ ವರದಿ ಕಳಿಸಬೇಕು, ಮನೆಯಲ್ಲಿ ಹುಟ್ಟಿದರೆ ಮನೆಯ ಹಿರಿಯರು. ಗಡುವು 21 ದಿನ, ಮೊದಲ ಪ್ರತಿಗೆ ದುಡ್ಡಿಲ್ಲ. 30 ದಿನದವರೆಗೆ ಸಣ್ಣ ದಂಡ, ಒಂದು ವರ್ಷದವರೆಗೆ ಮೇಲಧಿಕಾರಿಯ ಅನುಮತಿ. ನೋಂದಣಿ ಈಗ ಇ-ಜನ್ಮ ತಂತ್ರಾಂಶದಲ್ಲಿ ನಡೆಯುತ್ತೆ. ನಾಮಕರಣ ಆಗಿಲ್ಲ ಅಂತ ಕಾಯಬೇಡಿ. ಹೆಸರಿಲ್ಲದೆ ಬರೆಸಿ, ಒಂದು ವರ್ಷದೊಳಗೆ ಪುಕ್ಕಟೆಯಾಗಿ ಹೆಸರು ಸೇರಿಸಬಹುದು. ಆಮೇಲೆ ಹದಿನೈದು ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು.

ಎಣಿಕೆಯ ಪುಸ್ತಕ ಈಗ ಬಾಗಿಲು ಕಾಯುತ್ತೆ

2023ರಲ್ಲಿ 1969ರ ಕಾಯ್ದೆಗೆ ತಿದ್ದುಪಡಿ ಬಂತು, ಅಕ್ಟೋಬರ್ 1ರಿಂದ ಜಾರಿ. ಆ ದಿನದಿಂದ ಹುಟ್ಟಿದವರಿಗೆ ಶಾಲೆ ಸೇರೋಕೆ, ಡ್ರೈವಿಂಗ್ ಲೈಸೆನ್ಸ್‌ಗೆ, ಮತದಾರರ ಪಟ್ಟಿಗೆ, ಮದುವೆ ನೋಂದಣಿಗೆ, ಸರ್ಕಾರಿ ನೌಕರಿಗೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನ ಮತ್ತು ಸ್ಥಳ ತೋರಿಸೋಕೆ ಜನನ ಪತ್ರವೇ ಬೇಕು. ಜೂನ್ 1 ಬರೆಯೋ ಮೇಷ್ಟ್ರ ಕಾಲ ಮುಗೀತು. ಇದರ ಜೊತೆಗೇ, ತಡವಾದ ನೋಂದಣಿಗೆ ಕೋರ್ಟಿನ ಬದಲು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ದಂಡಾಧಿಕಾರಿ ಆದೇಶ ಕೊಡಬಹುದು ಅಂತಲೂ ಆಯ್ತು.

ಒಳ್ಳೇದೇ ಅಲ್ವಾ ಅಂತ ಅನ್ನಿಸಬಹುದು. ಹೌದು, ಬಹುಮಟ್ಟಿಗೆ ಒಳ್ಳೇದೇ. ಮಗುವಿಗೆ ಹುಟ್ಟಿದ ಕೂಡಲೇ ದಾಖಲೆ ಸಿಗಬೇಕು ಅನ್ನೋದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲೇ ಇದೆ. ದಾಖಲೆ ಇಲ್ಲದ ಹುಡುಗಿಗೆ ಹದಿನೆಂಟು ತುಂಬಿದೆ ಅಂತ ಹೇಳಿ ಮದುವೆ ಮಾಡೋದು ಸುಲಭ, ದಾಖಲೆ ಇಲ್ಲದ ಹುಡುಗನನ್ನ ಕೆಲಸಕ್ಕೆ ಇಟ್ಟುಕೊಳ್ಳೋದು ಸುಲಭ. ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೋಂದಣಿ ಆದವರು 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು ನೂರಕ್ಕೆ 41, 2019-21ರಲ್ಲಿ 89. ಇದು ಸಣ್ಣ ಸಾಧನೆ ಅಲ್ಲ.

ಆದರೆ ಉಳಿದ 11 ಮಕ್ಕಳು ಯಾರು? ಕಟ್ಟಡ ಕೆಲಸಕ್ಕೆ ವೈಟ್‌ಫೀಲ್ಡ್, ಕೆ.ಆರ್. ಪುರದ ಕಡೆ ಬಂದು ಶೆಡ್ಡುಗಳಲ್ಲಿ ಇರುವವರ ಮಕ್ಕಳು ಅದರಲ್ಲಿ ಸೇರಿಬಿಡೋ ಅಪಾಯ ಎಲ್ಲರಿಗಿಂತ ಹೆಚ್ಚು. ಹೆರಿಗೆ ಊರಲ್ಲಿ, ಬದುಕು ಇಲ್ಲಿ, ಕಾಗದ ಎಲ್ಲೂ ಇಲ್ಲ. ನೂರೈವತ್ತು ವರ್ಷದ ಹಿಂದೆ ಬ್ಲಾಕ್‌ಪಲ್ಲಿಯ ಕೂಲಿಯವನ ಮಗು ಪುಸ್ತಕದಲ್ಲಿ ಇಲ್ಲದಿದ್ದರೆ ನಷ್ಟ ಲೆಕ್ಕ ಇಡುವವರಿಗೆ ಮಾತ್ರ. ಈಗ ನಷ್ಟ ಪೂರ್ತಿ ಆ ಮಗುವಿನದು. ಪೌರತ್ವ ಕಾನೂನೂ ಹೀಗೇ ಬಿಗಿಯಾಗುತ್ತಾ ಬಂದಿದೆ. 1950ರ ಜನವರಿ 26ರಿಂದ 1987ರ ಜುಲೈವರೆಗೆ ಇಲ್ಲಿ ಹುಟ್ಟಿದವರಿಗೆ ಹುಟ್ಟೊಂದೇ ಸಾಕಿತ್ತು, ಆಮೇಲಿನವರಿಗೆ ಅಪ್ಪ ಅಮ್ಮನ ವಿಷಯವೂ ಬೇಕು. 2019ರ ಕೊನೆಯಲ್ಲಿ ಪೌರತ್ವದ ಚರ್ಚೆ ಎದ್ದಾಗ ದೇಶದ ಹಲವು ಊರುಗಳಲ್ಲಿ ಜನ ಜನನ ಪತ್ರಕ್ಕೆ ಸಾಲುಗಟ್ಟಿ ನಿಂತಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಅಪಾಯ ಸ್ಪೆಲ್ಲಿಂಗಿನದು. ದಂಡಿನ ಕಡೆಯ ಹೆಸರುಗಳು ತಮಿಳು, ಉರ್ದು, ತೆಲುಗು, ಕೊಂಕಣಿ, ಇಂಗ್ಲಿಷು. ಬರೆಯುವವರ ಕಿವಿಗೆ ಕೇಳಿದ ಹಾಗೆ ಅವು ಕನ್ನಡಕ್ಕೆ, ಇಂಗ್ಲಿಷಿಗೆ ಇಳಿಯುತ್ತವೆ. ಒಂದೇ ಅಪ್ಪನ ಹೆಸರು ಮೂರು ಮಕ್ಕಳ ಪತ್ರದಲ್ಲಿ ಮೂರು ಥರ ಇರೋದು ಶಿವಾಜಿನಗರದಲ್ಲಿ ಮನೆಮಾತು. ಒಬ್ಬ ಪಾಸ್‌ಪೋರ್ಟ್ ಅಧಿಕಾರಿಗೆ ಅದು ಮೂರು ಬೇರೆ ಮನುಷ್ಯರು.

ಹಾಗಾಗಿ ಈ ವಾರ ಎರಡು ಕೆಲಸ ಮಾಡಿ. ಮನೆಯಲ್ಲಿ ಮಗು ಇದ್ದರೆ ಅದರ ಜನನ ಪತ್ರ ತೆಗೆದು ಮಗುವಿನ ಹೆಸರು, ಅಪ್ಪನ ಹೆಸರು, ಅಮ್ಮನ ಹೆಸರು, ಹುಟ್ಟಿದ ಜಾಗ, ಈ ನಾಲ್ಕು ಸಾಲನ್ನ ನಿಮ್ಮ ಆಧಾರ್ ಜೊತೆ ಇಟ್ಟುಕೊಂಡು ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಈಗಲೇ ತಿದ್ದುಪಡಿಗೆ ಅರ್ಜಿ ಕೊಡಿ. ಎರಡನೇದು, ಮನೆಕೆಲಸಕ್ಕೆ ಬರುವವರಿಗೆ, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರಿಗೆ, "ಮಗೂದು ಬರ್ತ್ ಸರ್ಟಿಫಿಕೇಟ್ ಮಾಡಿಸಿದ್ದೀರಾ?" ಅಂತ ಒಂದು ಮಾತು ಕೇಳಿ. ಇಲ್ಲ ಅಂದ್ರೆ ಹುಟ್ಟಿದ ಜಾಗ ಯಾವುದು, ಆ ವರ್ಷ ಅದು ಯಾರ ಗಡಿಯಲ್ಲಿತ್ತು ಅಂತ ಕೂತು ಹುಡುಕಿ, ಅರ್ಜಿ ಬರೆದುಕೊಡಿ. ಅರ್ಧ ದಿನದ ಕೆಲಸ. ಆ ಮಗುವಿಗೆ ಅರುವತ್ಮೂರು ವರ್ಷ ಆದ ಮೇಲೆ ಅದೇ ಕೆಲಸ ಮಾಡಿಸೋಕೆ ಎಷ್ಟು ಕಷ್ಟ ಅಂತ ನಾನು ಕಣ್ಣಾರೆ ನೋಡಿದ್ದೀನಿ.